ಸಣ್ಣ ಊರಿನ ವರದಿಗಾರರಿಗೂ ಸರ್ಕಾರದ ಒತ್ತಡ ಇರುತ್ತಾ?

ಜೈಲಿಗೆ ಹೋದ ಪತ್ರಕರ್ತರ ಸುದ್ದಿ ಮಾತ್ರ ಕೇಳುತ್ತೇವೆ, ಸಣ್ಣ ಊರಿನವರಿಗೂ ಕಾಟ ಇರುತ್ತಾ ಅಂತ ಕೇಳಿದ್ದೀರಿ. ಇರುತ್ತದೆ. ನಾನು ಉಡುಪಿಯವಳು. ನನ್ನ ಗಂಡ ಹದಿನಾಲ್ಕು ವರ್ಷ ಒಂದು ಪತ್ರಿಕೆಗೆ ಬಿಡಿ ಸುದ್ದಿಗಾರರಾಗಿದ್ದರು. ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು.

ಹೊಳೆಯಿಂದ ಅಕ್ರಮವಾಗಿ ಮರಳು ತೆಗೆಯುವ ಬಗ್ಗೆ ಬರೆದರು. ವಾರದೊಳಗೆ ಕೇಸು ಬಿತ್ತು: ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ. ಆಗ ಅದು ಹಳೆಯ ದಂಡ ಸಂಹಿತೆಯ (ಐಪಿಸಿ) ಸೆಕ್ಷನ್ 353, ಈಗ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 132. ಸುದ್ದಿ ಸುಳ್ಳು ಅಂತ ಯಾರೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಮರಳಿನ ಲೆಕ್ಕ ಕೋರ್ಟಿಗೆ ಬರುತ್ತಿತ್ತು, ಅಲ್ವಾ? ಫೋಟೊ ತೆಗೆಯುವಾಗ ಅಧಿಕಾರಿಯನ್ನು ತಳ್ಳಿದರು ಅಂದರೆ ಮರಳಿನ ಮಾತೇ ಬರುವುದಿಲ್ಲ.

ಇವರು ಜೈಲಿಗೆ ಹೋಗಲಿಲ್ಲ. ಮೂರು ವರ್ಷ ಕೋರ್ಟಿನ ವಾಯಿದೆಗೆ ಅಲೆದರು. ವಾಯಿದೆಯ ದಿನ ಬೆಳಿಗ್ಗೆ ಒಂದು ನೀರುದೋಸೆ ಮುರಿದು, ಹಾಗೇ ಬಿಟ್ಟು ಎದ್ದುಬಿಡುತ್ತಿದ್ದರು. ವಕೀಲರ ಫೀಸಿಗೆ ನನ್ನ ಬಳೆ ಸೊಸೈಟಿಯಲ್ಲಿ ಅಡವಿಟ್ಟೆವು. ನನ್ನ ಅತ್ತೆ ಜಗಲಿಯಲ್ಲಿ ಕೂತು ಬಾಳೆನಾರಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಗೇಟು ಸದ್ದಾದರೆ ಸಾಕು, ಅವರ ಕೈ ನಿಂತುಬಿಡುತ್ತಿತ್ತು. ಈಗಲೂ ನಿಲ್ಲುತ್ತದೆ.

ಮಂಗಳೂರಿನ ನವೀನ್ ಸೂರಿಂಜೆ ನೆನಪಿದ್ದಾರಾ? 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಮೇಲೆ ದಾಳಿಯಾದಾಗ ಅದನ್ನು ಟಿವಿಯಲ್ಲಿ ತೋರಿಸಿದ ವರದಿಗಾರರು. ದಾಳಿ ಮಾಡಿದವರ ಮುಖ ಜನರಿಗೆ ಕಂಡಿದ್ದೇ ಆ ದೃಶ್ಯಗಳಿಂದ. ಕೊನೆಗೆ ಅವರನ್ನೂ ಅದೇ ಕೇಸಿನಲ್ಲಿ ಆರೋಪಿ ಮಾಡಿ ನವೆಂಬರ್‌ನಲ್ಲಿ ಬಂಧಿಸಿದರು. ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಆಮೇಲೆ ಸರ್ಕಾರವೇ ಅವರ ಮೇಲಿನ ಕೇಸು ವಾಪಸ್ ತೆಗೆದುಕೊಂಡಿತು. ಅವರ ಪರವಾಗಿ ರಾಜ್ಯದ ತುಂಬ ಜನ ಮಾತಾಡಿದರು. ಅದು ದೊಡ್ಡ ಧೈರ್ಯ. ಬಿಡಿ ಸುದ್ದಿಗಾರನ ಹಿಂದೆ ಯಾರೂ ಇರುವುದಿಲ್ಲ. ನನ್ನ ಗಂಡನ ಪತ್ರಿಕೆಯವರು ‘ಅವರು ನಮ್ಮ ನೌಕರರಲ್ಲ’ ಅಂದುಬಿಟ್ಟರು. ನನಗೆ ಕೇಸಿಗಿಂತ ಜಾಸ್ತಿ ನೋವಾಗಿದ್ದು ಅದು.

ಕೇಸು ಬಿದ್ದುಹೋಯಿತು. ಇವರು ಈಗ ಗೆಳೆಯರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕಳೆದ ತಿಂಗಳು ಅದೇ ಹೊಳೆಬದಿಯಿಂದ ಫೋನ್ ಬಂತು. ರಾತ್ರಿ ಲಾರಿ ಓಡುತ್ತಿವೆ, ಒಮ್ಮೆ ಬನ್ನಿ ಅಂತ. ಇವರು ಪೂರ್ತಿ ಕೇಳಿಸಿಕೊಂಡರು. ಎಷ್ಟು ಲಾರಿ, ಎಷ್ಟು ಗಂಟೆಗೆ ಅಂತಲೂ ಕೇಳಿದರು. ಆಮೇಲೆ ‘ನಾನೀಗ ಬರೆಯುವುದಿಲ್ಲ ಮಾರಾಯ್ರೆ’ ಅಂದರು.

ಆಮೇಲೆ ನಾನು ದಿನಾ ಪೇಪರು ತಿರುವಿ ನೋಡಿದೆ. ಆ ಸುದ್ದಿ ಎಲ್ಲೂ ಬರಲಿಲ್ಲ.