ಆಸ್ಪತ್ರೆಗೆ ಸೇರಿದ ಮೇಲೆ ಹೊಸ ಸೋಂಕು ತಗಲುವುದು ಹೇಗೆ?

ಒಂದು ಕಾಯಿಲೆಗೆ ಸೇರಿದವರಿಗೆ ಆಸ್ಪತ್ರೆಯಲ್ಲೇ ಇನ್ನೊಂದು ಸೋಂಕು ಹೇಗೆ ಬರುತ್ತದೆ, ತಡೆಯಲು ಆಗುತ್ತದಾ ಎಂದು ಕೇಳಿದ್ದೀರಿ. ಎಲ್ಲವನ್ನೂ ಅಲ್ಲದಿದ್ದರೂ ಎಷ್ಟೋ ಸೋಂಕುಗಳನ್ನು ತಡೆಯಬಹುದು.

ಎಲ್ಲವೂ ಗಾಳಿಯಿಂದ ಬರುತ್ತದೆ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಕ್ಷಯ, ದಡಾರ ಹಾಗೆ ಹರಡುತ್ತವೆ, ನಿಜ. ಆದರೆ ದೊಡ್ಡ ದಾರಿ ಕೈ. ಒಬ್ಬರ ಗಾಯ ಮುಟ್ಟಿದ ಕೈ ಮಂಚದ ಕಂಬಿ ಹಿಡಿಯುತ್ತದೆ, ಆಮೇಲೆ ಪಕ್ಕದವರ ಡ್ರಿಪ್ ಸರಿಮಾಡುತ್ತದೆ. ಗ್ಲೌಸ್ ಇದ್ದರೂ, ಬದಲಿಸದೆ ಇಬ್ಬರನ್ನು ಮುಟ್ಟಿದರೆ ಅದೇ ಕಥೆ.

ಸ್ಯಾನಿಟೈಸರನ್ನು 20ರಿಂದ 30 ಸೆಕೆಂಡು ಉಜ್ಜಬೇಕು, ಬೆರಳ ಸಂದಿ, ಹೆಬ್ಬೆರಳು ಬಿಡದೆ. ಕೈ ಕೊಳೆಯಾಗಿದ್ದರೆ ಸೋಪು, ನೀರೇ ಬೇಕು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿ ಆಗಿದ್ದರೂ ಅಷ್ಟೇ: ಅದರ ಬೀಜಕಣಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ, ತೊಳೆದೇ ಹೋಗಬೇಕು.

ನನ್ನ ಪ್ರಕಾರ ಮನೆಯವರು ಹೆಚ್ಚು ಗಮನಿಸಬೇಕಾದದ್ದು ದೇಹದೊಳಗೆ ಹಾಕಿದ ನಳಿಕೆಗಳನ್ನು. ಮೂತ್ರದ ಕ್ಯಾತಿಟರ್, ರಕ್ತನಾಳದ ಲೈನ್, ವೆಂಟಿಲೇಟರ್ ಕೊಳವೆ, ಎಲ್ಲವೂ ರೋಗಾಣುಗಳಿಗೆ ನೇರ ಒಳದಾರಿ. ದಿನ ಕಳೆದಂತೆ ಅಪಾಯ ಏರುತ್ತದೆ. ಹಾಗಾಗಿ "ಇದು ಇವತ್ತೂ ಬೇಕಾ ಡಾಕ್ಟ್ರೇ?" ಎಂದು ದಿನಾ ಕೇಳಿ. ಸಂಕೋಚ ಬೇಡ. ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಸೂಜಿಯಂತೂ ಪ್ರತಿಯೊಬ್ಬರಿಗೂ ಹೊಸದೇ.

ನೋಡಲು ಹೋಗುವವರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಕೈ ಸ್ವಚ್ಛ ಮಾಡಿಕೊಳ್ಳಿ. ರೋಗಿಯ ಮಂಚದ ಮೇಲೆ ಕೂರಬೇಡಿ. ನೆಗಡಿ, ಜ್ವರ ಇದ್ದರೆ ಫೋನಿನಲ್ಲೇ ಮಾತಾಡಿಸಿ.