ಇನ್ನೆಷ್ಟು ಸಲ ಮಾಡಿದರೆ ಕೈ ಸರಿಹೋಗುತ್ತಮ್ಮಾ?

ಪಿಎಚ್‌ಡಿ ಅರ್ಧಕ್ಕೆ ಬಿಡ್ತೀನಿ ಅಂತ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವವರು ಈಗ ಜಾಸ್ತಿ. ಹೆಚ್ಚಿನವರದು ಗೈಡ್ ಜೊತೆ ಜಗಳ, ಇಲ್ಲವೇ ಫೆಲೋಶಿಪ್ ತಡ. ಈಚೆಗೆ ಬಂದ ಒಬ್ಬ ಹೆಣ್ಣುಮಗಳದು ಎರಡೂ ಅಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಫಿಸಿಯೋಥೆರಪಿ ಓದಿ, ಕ್ಲಿನಿಕ್‌ನಲ್ಲಿ ದುಡಿದು, ಆಮೇಲೆ ಸಂಶೋಧನೆಗೆ ಬಂದವರು. ಮಿದುಳು ಕೈಯ ಚಲನೆಯನ್ನು ಹೇಗೆ ನಿಯಂತ್ರಿಸುತ್ತದೆ ಅನ್ನೋದು ವಿಷಯ. ಪರದೆಯ ಚುಕ್ಕಿಯತ್ತ ಕೈ ಚಾಚಿಸಿ ಕ್ಯಾಮೆರಾದಲ್ಲಿ ಅಳೆಯುವುದು ಕೆಲಸ. "ಪೇಷೆಂಟ್ ನೋಡೋದು ಬಿಟ್ಟು ಚುಕ್ಕಿ ಎಣಿಸ್ತಾಳೆ" ಅಂತ ಮನೆಯಲ್ಲಿ ಮಾತು.

ಮೊದಮೊದಲು ಬರೀ ಕೆಲಸ, ಸಂಬಳದ ಮಾತೇ ಆಯಿತು. ಒಂದು ದಿನ ಬೇರೆ ವಿಷಯ ಹೊರಬಿತ್ತು. ಸ್ಟ್ರೋಕ್ ಆಗಿದ್ದ ಹಿರಿಯರೊಬ್ಬರು ಪ್ರಯೋಗವನ್ನೇ ವ್ಯಾಯಾಮ ಅಂದುಕೊಂಡು, "ಇನ್ನೆಷ್ಟು ಸಲ ಮಾಡಿದರೆ ಕೈ ಸರಿಹೋಗುತ್ತಮ್ಮಾ?" ಅಂತ ಕೇಳಿದ್ದರಂತೆ.

"ನಾನು ಸುಮ್ನೆ ನಕ್ಕುಬಿಟ್ಟೆ ಮೇಡಂ."

"ಕ್ಲಿನಿಕ್‌ನಲ್ಲಿ ಚೆನ್ನಾಗಿರೋ ಕೈ ಕಟ್ಟಿ, ಸೋತ ಕೈಯಿಂದಲೇ ಕೆಲಸ ಮಾಡಿಸ್ತಿದ್ದೆ ಅಂದಿದ್ರಲ್ವಾ? ಅದು ಎಲ್ಲಿಂದ ಬಂತು?"

ಪಟಪಟ ಹೇಳಿದರು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಮಂಗಗಳ ಒಂದು ತೋಳಿನ ಸಂವೇದನೆಯ ನರ ಕತ್ತರಿಸಿದಾಗ ಅವು ಆ ತೋಳನ್ನು ಬಳಸುವುದನ್ನೇ ಬಿಟ್ಟವು. ಇನ್ನೊಂದು ತೋಳನ್ನು ಕಟ್ಟಿದಾಗ ಮತ್ತೆ ಬಳಸಿದವು. ಸ್ಟ್ರೋಕ್ ಆದ 222 ಜನರಲ್ಲಿ ನಡೆಸಿದ ಪರೀಕ್ಷೆ ಈ ಚಿಕಿತ್ಸೆಗೆ ಬಲ ಕೊಟ್ಟಿದ್ದು 2006ರಲ್ಲಿ.

ತಾನು ಮಾಡಿಸುತ್ತಿದ್ದ ಚಿಕಿತ್ಸೆಯೂ ಪ್ರಯೋಗದಿಂದಲೇ ಬಂದದ್ದು ಅಂತ ಹೊಳೆದು ಮುಖ ಅರಳಿತು. ತಕ್ಷಣ ಬಾಡಿತು. "ಆದ್ರೆ ನನ್ನ ಪ್ರಯೋಗದಿಂದ ಆ ಹಿರಿಯರಿಗೇನು ಸಿಕ್ತು?"

"ಏನೂ ಇಲ್ಲ. ಅದನ್ನೇ ಅವರಿಗೆ ಹೇಳಬೇಕಿತ್ತು."

ತುಂಬ ಹೊತ್ತು ಅತ್ತರು. ನಾನು ತಡೆಯಲಿಲ್ಲ.

ಸಲಹೆ ಇಷ್ಟೇ: ಗೈಡ್‌ಗೆ ತಿಳಿಸಿ ಆ ಹಿರಿಯರಿಗೆ ಫೋನ್ ಮಾಡಿ. ಇದು ಚಿಕಿತ್ಸೆಯಲ್ಲ ಅನ್ನಿ, ವ್ಯಾಯಾಮಕ್ಕೆ ಎಲ್ಲಿ ಹೋಗಬೇಕು ಅಂತ ತಿಳಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದರೆ ಸಾಲದು, ಪ್ರತಿಯೊಬ್ಬರಿಗೂ ಆಡುಮಾತಿನಲ್ಲಿ ಬಿಡಿಸಿ ಹೇಳಿ. ಪಿಎಚ್‌ಡಿ ಬಿಡುವ ಯೋಚನೆ ಮೂರು ತಿಂಗಳು ಮುಂದಕ್ಕೆ ಹಾಕಿ.

ಅವರ ಅಳುಕನ್ನು ನಾನೇ ಹೆಚ್ಚಿಸಿದೆ ಅಂತ ಸಹೋದ್ಯೋಗಿಯೊಬ್ಬರ ಆಕ್ಷೇಪ. ನಾನು ಒಪ್ಪಲ್ಲ. ತಪ್ಪು ಮಾಡಿದೆ ಅನ್ನಿಸಿದವರಿಗೆ "ಏನೂ ಆಗಿಲ್ಲ ಬಿಡಿ" ಅಂದರೆ, ಅವರು ಕೆಲಸ ಬಿಟ್ಟು ಪ್ರಾಯಶ್ಚಿತ್ತ ಮಾಡಿಕೊಳ್ಳಲು ಹೊರಡುತ್ತಾರೆ. ನರ್ಸ್‌ಗಳಲ್ಲಿ, ಮೇಷ್ಟ್ರುಗಳಲ್ಲಿ ಇದನ್ನೇ ನೋಡಿದ್ದೇನೆ. ಸರಿಪಡಿಸಬಹುದಾದ ತಪ್ಪು ಚಿಕ್ಕದಿರುತ್ತದೆ, ಬಿಡಲು ಹೊರಟ ಕೆಲಸ ದೊಡ್ಡದಿರುತ್ತದೆ.

ಫೋನ್ ಮಾಡಿದರು. ಆ ಹಿರಿಯರು ಪ್ರಯೋಗಕ್ಕೆ ಮತ್ತೆ ಬರಲಿಲ್ಲ. ಅದು ಅವರ ಹಕ್ಕು. ಇವರು ಪಿಎಚ್‌ಡಿಯಲ್ಲೇ ಇದ್ದಾರೆ. ಒಬ್ಬರು ಕಡಿಮೆಯಾದರು ಅಂತ ಗೈಡ್ ಗೊಣಗಿದರಂತೆ. ಗೊಣಗಲಿ.