ಆ್ಯಪ್ ಪ್ರಶ್ನೋತ್ತರ: ಹನ್ನೆರಡು ಜನ ಸಿಕ್ಕರೂ ಹದಿನಾಲ್ಕು ದಿನ ನಿಲ್ಲಬೇಕು

ಈ ಸಲ ಬಂದ ಪತ್ರಗಳೆಲ್ಲ ನಮ್ಮ ಕೊಡಗಿನವೇ. ಮಳೆಗಾಲದಲ್ಲಿ ಇಲ್ಲಿನವರಿಗೆ ಮನೆಯೊಳಗೆ ಕೂತು ಮಾಡುವ ಕೆಲಸವೊಂದು ಬೇಕು. ಮೊದಲು ಇಸ್ಪೀಟ್ ಇತ್ತು, ಈಗ ಆ್ಯಪ್ ಬರೆಯುತ್ತಾರೆ. ನಾನೂ ಅದೇ ಗುಂಪಿನವಳು. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೇಲೆ ಗೋಣಿಕೊಪ್ಪದಲ್ಲಿ ಅಪ್ಪನ ಕರಿಮೆಣಸಿನ ಗೋಡೌನಿನ ಮೇಲಿನ ಕೋಣೆಯೇ ನನ್ನ ಆಫೀಸು. ಇದನ್ನು ಬರೆಯುವ ಹೊತ್ತಿಗೆ ಯುಪಿಎಸ್ ಎರಡು ಸಲ ಕೂಗಿಯಾಗಿದೆ.

ಮೇಡಂ, ಕಾಫಿ ಚೆರಿಯ ಓಟಿ ಮತ್ತು ಅಂದಿನ ರೇಟು ಹಾಕಿದರೆ ಮೂಟೆಗೆ ಎಷ್ಟು ಬೀಳುತ್ತದೆಂದು ಹೇಳುವ ಆ್ಯಪ್ ಮಾಡಿದ್ದೇನೆ. 25 ಡಾಲರ್ ಕಟ್ಟಿ ಗೂಗಲ್ ಪ್ಲೇಯಲ್ಲಿ ಆ್ಯಪ್ ಹಾಕುವ ಖಾತೆ ತೆರೆದೆ. ಈಗ 12 ಜನ 14 ದಿನ ಪರೀಕ್ಷೆ ಮಾಡಬೇಕಂತೆ. ವಾಟ್ಸಾಪ್ ಗುಂಪಿನಲ್ಲಿ 13 ಜನ ಒಪ್ಪಿದ್ದಾರೆ, ಆ್ಯಪ್ ಹಾಕಿಕೊಂಡೂ ಇದ್ದಾರೆ. ಆದರೂ ಪ್ಲೇಯ ನಿರ್ವಹಣಾ ಪುಟವಾದ ಕನ್ಸೋಲ್‌ನಲ್ಲಿ ಟೆಸ್ಟರ್‌ಗಳ ಸಂಖ್ಯೆ 7ರ ಮೇಲೆ ಏರುತ್ತಿಲ್ಲ. — ಓದುಗರು, ನಾಪೋಕ್ಲು

ಓಟಿ ಎಂದರೇನೆಂದು ಘಟ್ಟದ ಕೆಳಗಿನವರಿಗೆ ಒಂದು ಮಾತು: ಔಟ್‌ಟರ್ನ್. 50 ಕೆ.ಜಿ. ಒಣ ಚೆರಿಯಿಂದ, ಅಂದರೆ ಒಣಗಿಸಿದ ಕಾಫಿ ಹಣ್ಣಿನಿಂದ, 26 ಕೆ.ಜಿ. ಕ್ಲೀನ್ ಬೀಜ ಬಂದರೆ 26 ಓಟಿ. ವ್ಯಾಪಾರಿ ಒಂದು ಹಿಡಿ ಚೆರಿ ಕುಟ್ಟಿ ನೋಡಿ ಓಟಿ ಹೇಳುವಾಗ ಬೆಳೆಗಾರನ ಕೈಯಲ್ಲೂ ಒಂದು ಲೆಕ್ಕ ಇರುವುದು ಒಳ್ಳೆಯದೇ. ನಿಮ್ಮ ಆ್ಯಪ್ ಬರಲಿ.

ನಿಮ್ಮ ಉಳಿದ ಆರು ಜನ ಎಲ್ಲಿ ಹೋದರೆಂದು ಊಹಿಸಬಲ್ಲೆ. ಅವರಿಗೆ ನೀವು ಎಪಿಕೆಯನ್ನೇ, ಅಂದರೆ ಆ್ಯಪ್‌ನ ಫೈಲನ್ನೇ, ವಾಟ್ಸಾಪ್‌ನಲ್ಲಿ ಕಳಿಸಿರುತ್ತೀರಿ, ಅವರು ಒತ್ತಿ ಹಾಕಿಕೊಂಡಿರುತ್ತಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ. ಟೆಸ್ಟರ್ ಎನ್ನಿಸಿಕೊಳ್ಳಬೇಕಾದರೆ ಅವರ ಜಿಮೇಲ್ ವಿಳಾಸ ನಿಮ್ಮ ಪಟ್ಟಿಯಲ್ಲಿರಬೇಕು, ಅದೇ ಜಿಮೇಲ್‌ನಿಂದ ಸೇರ್ಪಡೆ ಲಿಂಕ್ ತೆರೆದು ಒಪ್ಪಿಗೆ ಒತ್ತಬೇಕು, ಆಮೇಲೆ ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಬೇಕು. ಒಪ್ಪಿಗೆ ಒತ್ತಿದ ಹನ್ನೆರಡು ಜನ ಒಟ್ಟಿಗೆ ಹದಿನಾಲ್ಕು ದಿನ ಬಿಡದೆ ಇರಬೇಕು. ಹತ್ತನೇ ದಿನ ಒಬ್ಬರು ಹೊರಗೆ ಹೋಗಿ ಹನ್ನೊಂದಾದರೆ ಕಷ್ಟ. ಅದಕ್ಕೇ ಹದಿನೆಂಟು ಜನರನ್ನು ಸೇರಿಸಿಕೊಳ್ಳಿ ಎನ್ನುತ್ತೇನೆ.

ಇದರಲ್ಲಿ ನಮ್ಮೂರಿನದೇ ಒಂದು ತೊಡಕು ಉಂಟು. ನನ್ನ ಮೊದಲ ಆ್ಯಪ್‌ಗೆ ಚಿಕ್ಕಪ್ಪನನ್ನು ಸೇರಿಸಲು ಹೋದೆ. ಎಷ್ಟು ಒತ್ತಿದರೂ ‘ಈ ಪುಟ ನಿಮಗೆ ಲಭ್ಯವಿಲ್ಲ’. ಕೊನೆಗೆ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಅದರಲ್ಲಿದ್ದ ಜಿಮೇಲ್ ಚಿಕ್ಕಪ್ಪನದಲ್ಲ, ನಾಲ್ಕು ವರ್ಷದ ಹಿಂದೆ ಫೋನ್ ಮಾರಿದ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಹಾಗಾಗಿ ವಿಳಾಸವನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳಬೇಡಿ. ಪ್ಲೇ ಸ್ಟೋರ್ ತೆರೆದು, ಮೇಲಿನ ಗುಂಡು ಚಿತ್ರ ಒತ್ತಿ, ಅಲ್ಲಿ ಕಾಣುವ ವಿಳಾಸವನ್ನೇ ಬರೆದುಕೊಳ್ಳಿ.

ಹದಿನಾಲ್ಕು ದಿನ ಮುಗಿದ ತಕ್ಷಣ ಆ್ಯಪ್ ತಾನಾಗಿ ಹೊರಬರುವುದಿಲ್ಲ. ಪ್ರೊಡಕ್ಷನ್‌ಗೆ ಅಂದರೆ ಎಲ್ಲರಿಗೂ ಬಿಡುಗಡೆ ಮಾಡುವ ಹಂತಕ್ಕೆ ಅರ್ಜಿ ಹಾಕಬೇಕು. ಟೆಸ್ಟರ್‌ಗಳು ಏನು ಹೇಳಿದರು, ನೀವು ಏನು ಬದಲಿಸಿದಿರಿ ಎಂದು ಅಲ್ಲಿ ಕೇಳುತ್ತಾರೆ. ‘ಎಲ್ಲರಿಗೂ ಇಷ್ಟವಾಯಿತು’ ಎಂದು ಬರೆಯಬೇಡಿ, ಯಾರೂ ನಂಬುವುದಿಲ್ಲ. ‘26.5 ಓಟಿ ಹಾಕಿದರೆ 26 ಎಂದೇ ಲೆಕ್ಕ ಹಿಡಿಯುತ್ತಿತ್ತು, ಒಬ್ಬ ಬೆಳೆಗಾರರು ತೋರಿಸಿಕೊಟ್ಟರು, ಸರಿಮಾಡಿದೆವು’ ಎಂಬಂಥ ಮಾತು ಬೇಕು. ದುಡ್ಡು ಕೊಟ್ಟರೆ ಹನ್ನೆರಡು ಟೆಸ್ಟರ್ ಒದಗಿಸುವವರೂ ಇದ್ದಾರೆ. ಅವರಿಗೆ ಓಟಿ ಎಂದರೆ ಏನು ಗೊತ್ತು?

ಈ ನಿಯಮ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಮಾತ್ರ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಸಂಸ್ಥೆಯ ಹೆಸರಿನ ಖಾತೆಗೆ ಇದಿಲ್ಲ, ಆದರೆ ಅದಕ್ಕೆ ಸಂಸ್ಥೆಗಳನ್ನು ಗುರುತಿಸುವ ಡನ್ಸ್ ಸಂಖ್ಯೆ ಬೇಕು, ದಾಖಲೆ ಕೊಡಬೇಕು. ಒಂದು ಲೆಕ್ಕದ ಆ್ಯಪ್‌ಗೆ ಅಷ್ಟು ಓಡಾಟ ಬೇಡ.

ನಮ್ಮ ಹುಡುಗರೆಲ್ಲ ಸೇರಿ ಕಾಡಾನೆ ಎಚ್ಚರಿಕೆಯ ಆ್ಯಪ್ ಮಾಡಿದೆವು. ಆನೆ ಕಂಡವರು ಒತ್ತಿದರೆ ಐದು ಕಿ.ಮೀ. ಒಳಗಿರುವ ಎಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ಲೊಕೇಶನ್ ಕಾರಣಕ್ಕೆ ರಿಜೆಕ್ಟ್ ಆಯಿತು. ಲೊಕೇಶನ್ ತೆಗೆದು ಮತ್ತೆ ಹಾಕಿದೆವು, ಮತ್ತೆ ಅದೇ ಕಾರಣಕ್ಕೆ ರಿಜೆಕ್ಟ್. ಜೀವ ಉಳಿಸುವ ಆ್ಯಪ್‌ಗೂ ಹೀಗಾ? — ಯುವಕರ ಗುಂಪು, ಸಿದ್ದಾಪುರ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ತೋಟದ ದಾರಿಯಲ್ಲಿ ಆನೆಗೆ ಎದುರಾಗುವುದು ನಿಮ್ಮ ಕಡೆ ಕಥೆಯಲ್ಲ. ಆದರೆ ಗೂಗಲ್‌ನಲ್ಲಿ ಪರಿಶೀಲಿಸುವವನಿಗೆ ಕಾಣುವುದು ಆನೆಯಲ್ಲ. ಆ್ಯಪ್ ಮುಚ್ಚಿದ್ದಾಗಲೂ ಒಬ್ಬ ಮನುಷ್ಯ ಎಲ್ಲಿದ್ದಾನೆಂದು ದಿನವಿಡೀ ತಿಳಿದುಕೊಳ್ಳಲು ಹೊರಟ ಒಂದು ಪ್ರೋಗ್ರಾಮು. ಹಿನ್ನೆಲೆಯ ಲೊಕೇಶನ್ ಬೇಕೆಂದರೆ ಅದಿಲ್ಲದೆ ಆ್ಯಪ್‌ನ ಮುಖ್ಯ ಕೆಲಸವೇ ನಡೆಯದು ಎಂದು ತೋರಿಸಬೇಕು, ಅನುಮತಿ ಕೇಳುವ ಮೊದಲೇ ಏಕೆ ಬೇಕೆಂದು ಪರದೆಯ ಮೇಲೆ ಬಿಡಿಸಿ ಹೇಳಬೇಕು, ಘೋಷಣೆಯ ಫಾರ್ಮ್ ತುಂಬಿ ಸಣ್ಣ ವಿಡಿಯೊ ಕೊಡಬೇಕು. ಇಷ್ಟೆಲ್ಲ ಮಾಡಿ ಪಾಸಾದರೂ ಆಂಡ್ರಾಯ್ಡ್ 11ರಿಂದೀಚೆಗೆ ‘ಎಲ್ಲ ಸಮಯದಲ್ಲೂ ಅನುಮತಿಸಿ’ ಎನ್ನುವ ಆಯ್ಕೆ ಸೆಟ್ಟಿಂಗ್ಸ್ ಒಳಗೆ ಕೂತಿದೆ. ತೋಟದ ಕೂಲಿಕಾರರ ಲೈನ್ ಮನೆಯ ಅಜ್ಜಿ ಅಲ್ಲಿಯವರೆಗೆ ಹೋಗಿ ಒತ್ತುತ್ತಾರಾ?

ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ಲೊಕೇಶನ್ ಬೇಕಾಗಿಯೇ ಇಲ್ಲ. ತೋಟದ ಜನ ದಿನಾ ಊರು ಬದಲಿಸುವುದಿಲ್ಲ. ಮೊದಲ ಸಲ ತೆರೆದಾಗ ‘ನಿಮ್ಮ ಊರು ಯಾವುದು?’ ಎಂದು ಕೇಳಿ. ನೆಲ್ಲಿಹುದಿಕೇರಿ, ಮಾಲ್ದಾರೆ, ಚೆನ್ನಯ್ಯನಕೋಟೆ ಎಂದು ಪಟ್ಟಿ ಕೊಡಿ, ಎರಡು ಮೂರು ಊರು ಆರಿಸಲು ಬಿಡಿ. ಒಂದೊಂದು ಊರಿಗೂ ಗೂಗಲ್‌ನ ಸಂದೇಶ ಕಳಿಸುವ ಸೇವೆಯಾದ ಫೈರ್‌ಬೇಸ್‌ನಲ್ಲಿ ಒಂದೊಂದು ಟಾಪಿಕ್ ಮಾಡಿ ಅದಕ್ಕೆ ಸಂದೇಶ ಕಳಿಸಿ. ಬ್ಯಾಟರಿಯೂ ಉಳಿಯುತ್ತದೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೇಳಬೇಕು. ಅದನ್ನು ಮರೆತರೆ ಆನೆ ಬಂದರೂ ಫೋನ್ ಸುಮ್ಮನಿರುತ್ತದೆ.

ಎರಡನೇ ಸಲ ಯಾಕೆ ರಿಜೆಕ್ಟ್ ಆಯಿತು ಎಂಬುದಕ್ಕೆ ಎರಡು ಕಡೆ ಹುಡುಕಿ. ಒಂದು, ನೀವು ತೆಗೆದರೂ ಬಳಸಿದ ಯಾವುದೋ ಪ್ಯಾಕೇಜು (ಬೇರೆಯವರು ಬರೆದ ಸಿದ್ಧ ಕೋಡು) ತನ್ನದೇ ಲೊಕೇಶನ್ ಅನುಮತಿಯನ್ನು ಒಳಗೆ ತಂದಿರುತ್ತದೆ. ಅನುಮತಿಗಳ ಪಟ್ಟಿ ಇರುವ ಫೈಲು ಮ್ಯಾನಿಫೆಸ್ಟ್. ನೀವು ಬರೆದ ಮ್ಯಾನಿಫೆಸ್ಟ್ ಅಲ್ಲ, ಬಿಲ್ಡ್ ಆದ ಮೇಲೆ ಎಲ್ಲ ಸೇರಿ ಆದ ಮ್ಯಾನಿಫೆಸ್ಟ್ ತೆರೆದು ಓದಿ. ಇನ್ನೊಂದು, ಹಳೆಯ ಆವೃತ್ತಿ ಟೆಸ್ಟಿಂಗ್ ಟ್ರ್ಯಾಕ್‌ನಲ್ಲಿ ಇನ್ನೂ ಜೀವಂತ ಇರುತ್ತದೆ. ಹೊಸದು ಎಷ್ಟೇ ಚೊಕ್ಕವಾಗಿದ್ದರೂ ಆ ಹಳೆಯದಕ್ಕೆ ಏಟು ಬೀಳುತ್ತದೆ. ಎಲ್ಲ ಟ್ರ್ಯಾಕ್‌ಗಳಲ್ಲೂ ಹೊಸದನ್ನೇ ಹಾಕಿ. ಡೇಟಾ ಸೇಫ್ಟಿ ಫಾರ್ಮ್‌ನಲ್ಲಿ ‘ಲೊಕೇಶನ್ ಸಂಗ್ರಹಿಸುತ್ತೇವೆ’ ಎಂದು ಮೊದಲು ಒತ್ತಿದ್ದರೆ ಅದನ್ನೂ ತಿದ್ದಿ.

ಆನೆ ನಿಂತ ಜಾಗವನ್ನು ಮ್ಯಾಪಿನಲ್ಲಿ ಚುಕ್ಕಿ ಇಟ್ಟು ತೋರಿಸಬೇಡಿ, ವಿಡಿಯೊ ಮಾಡಲು ಜೀಪು ಕಟ್ಟಿಕೊಂಡು ಬರುವವರಿದ್ದಾರೆ. ತೋಟದ ಹೆಸರು ಸಾಕು. ಮತ್ತೆ, ಕರೆಂಟ್ ಹೋಗಿ ಟವರ್ ಮಲಗಿದರೆ ನಿಮ್ಮ ಆ್ಯಪ್ ಕೂಡ ಮಲಗುತ್ತದೆ. ಈಗ ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳುವ ಪದ್ಧತಿ ಇದೆಯಲ್ಲ, ಅದನ್ನು ಬಿಡಬೇಡಿ.

ನಮ್ಮ ಬೆಳೆಗಾರರ ಸಂಘದ ಆ್ಯಪನ್ನು ಬೆಂಗಳೂರಿನ ಹುಡುಗನೊಬ್ಬ ಮಾಡಿಕೊಟ್ಟಿದ್ದ. ಈಗ ಅವನು ವಿದೇಶದಲ್ಲಿದ್ದಾನೆ, ಯಾವಾಗಲೋ ಒಮ್ಮೆ ಉತ್ತರಿಸುತ್ತಾನೆ. ಆ್ಯಪ್ ಅವನ ಖಾತೆಯಲ್ಲೇ ಇದೆ. — ಸಂಘದ ಕಾರ್ಯದರ್ಶಿ, ವಿರಾಜಪೇಟೆ ತಾಲ್ಲೂಕು

ತೋಟ ನಿಮ್ಮದು, ಪಹಣಿ ಅವನ ಹೆಸರಲ್ಲಿ. ಅವನು ಉತ್ತರಿಸುವಾಗಲೇ ಕೆಲಸ ಮುಗಿಸಿಕೊಳ್ಳಿ ಸಾರ್. ಸಂಘದ ಹೆಸರಿನಲ್ಲಿ ಒಂದು ಖಾತೆ ತೆರೆದು, ಆ್ಯಪನ್ನು ಅಲ್ಲಿಗೆ ವರ್ಗಾಯಿಸುವ ಕೋರಿಕೆಯನ್ನು ಅವನ ಖಾತೆಯಿಂದ ಹಾಕಿಸಿ. ಎರಡೂ ಖಾತೆ ಚಾಲ್ತಿಯಲ್ಲಿರಬೇಕು. ಹೀಗೆ ಮಾಡಿದರೆ ಹಾಕಿಕೊಂಡ ಸದಸ್ಯರು, ಬಂದ ರೇಟಿಂಗ್ ಯಾವುದೂ ಹೋಗುವುದಿಲ್ಲ. ಅವನು ಕೈಗೇ ಸಿಗದೆ ಹೋದರೆ ಹೊಸ ಆ್ಯಪ್ ಮಾಡಿ ಎಲ್ಲ ಸದಸ್ಯರಿಗೂ ‘ಹಳೆಯದು ತೆಗೆಯಿರಿ’ ಎಂದು ಹೇಳಿಕೊಂಡು ತಿರುಗಬೇಕು. ಆ್ಯಪ್‌ಗೆ ಮೊದಲು ಕೊಟ್ಟ ಐಡಿ ಒಮ್ಮೆ ಸ್ಟೋರ್‌ಗೆ ಹೋದ ಮೇಲೆ ಬೇರೆ ಯಾರಿಗೂ ಸಿಗುವುದಿಲ್ಲ, ಬದಲಿಸಲೂ ಆಗುವುದಿಲ್ಲ.

ಅಪ್‌ಲೋಡ್ ಕೀ (ಹೊಸ ಆವೃತ್ತಿಗೆ ಸಹಿ ಹಾಕುವ ಬೀಗದ ಕೈ) ಇರುವ ಫೈಲನ್ನೂ ಅದರ ಪಾಸ್‌ವರ್ಡನ್ನೂ ಅವನಿಂದ ಪಡೆದು ಸಂಘದ ಬೀರುವಿನಲ್ಲಿ ಪೆನ್‌ಡ್ರೈವ್‌ನಲ್ಲಿಡಿ. ಪ್ಲೇ ಸೈನಿಂಗ್ ಇದ್ದರೆ, ಅಂದರೆ ಆ್ಯಪ್‌ನ ಮುಖ್ಯ ಸಹಿ ಕೀಯನ್ನು ಗೂಗಲೇ ಇಟ್ಟುಕೊಂಡಿದ್ದರೆ, ಕಳೆದುಹೋದ ಅಪ್‌ಲೋಡ್ ಕೀಯನ್ನು ಬದಲಿಸಿಕೊಡುತ್ತಾರೆ. 2021ರ ಆಗಸ್ಟ್‌ಗಿಂತ ಮೊದಲಿನ ಆ್ಯಪ್ ಆಗಿದ್ದರೆ ಅದು ಇಲ್ಲದೆಯೂ ಇರಬಹುದು, ಆಗ ಕೀ ಹೋದರೆ ಹೋಯಿತು. ಮುಂದೆ ಯಾರಿಗೆ ಕೆಲಸ ಕೊಟ್ಟರೂ ನಿಮ್ಮ ಖಾತೆಗೆ ಅವರನ್ನು ಬಳಕೆದಾರರಾಗಿ ಸೇರಿಸಿ, ಕೆಲಸ ಮುಗಿದ ಮೇಲೆ ತೆಗೆಯಿರಿ.

ಹೋಂಸ್ಟೇಗೆ ಒಂದು ಆ್ಯಪ್ ಬೇಕು. ಬುಕಿಂಗ್ ದುಡ್ಡಿನಲ್ಲಿ ಸ್ಟೋರ್‌ಗೆ ಪಾಲು ಕೊಡಬೇಕಾ? — ಮಡಿಕೇರಿ

ಬೇಡ. ಆ ಪಾಲು ಆ್ಯಪ್‌ನೊಳಗೇ ಬಳಸುವ ಡಿಜಿಟಲ್ ಸರಕಿಗೆ. ಕೋಣೆ, ಊಟ, ಜೀಪಿನ ಬಾಡಿಗೆ ಇವಕ್ಕೆ ಯುಪಿಐ ಅಥವಾ ಕಾರ್ಡ್‌ನಲ್ಲೇ ತೆಗೆದುಕೊಳ್ಳಿ. ಆದರೆ ವರ್ಷಕ್ಕೆ ಒಮ್ಮೆ ಬಂದು ಎರಡು ರಾತ್ರಿ ತಂಗುವವರು ನಿಮ್ಮ ಆ್ಯಪ್ ಯಾಕೆ ಇಟ್ಟುಕೊಳ್ಳುತ್ತಾರೆ? ವೆಬ್‌ಸೈಟನ್ನೇ ಆ್ಯಪ್‌ನೊಳಗೆ ತುಂಬಿ ಕಳಿಸಿದರೆ ಆಪಲ್‌ನವರು ಇದರಲ್ಲಿ ಹೊಸದೇನಿದೆ ಎಂದು ಹಿಂದಕ್ಕೆ ಕಳಿಸುತ್ತಾರೆ. ಒಳ್ಳೆಯ ವೆಬ್‌ಸೈಟ್ ಮಾಡಿಸಿ, ಉಳಿದ ದುಡ್ಡಿನಲ್ಲಿ ಗೀಸರ್ ರಿಪೇರಿ ಮಾಡಿಸಿ.

ಮ್ಯಾಕ್ ಇಲ್ಲದೆ ಐಫೋನ್ ಆ್ಯಪ್ ಮಾಡಬಹುದಾ? — ಕುಶಾಲನಗರ

ಬರೆಯಬಹುದು, ಬಿಲ್ಡ್ ಮಾಡಲು ಮ್ಯಾಕ್ ಬೇಕೇ ಬೇಕು. ಎಕ್ಸ್‌ಕೋಡ್ ಎಂಬ ಆಪಲ್‌ನ ಬಿಲ್ಡ್ ಸಾಧನ ಬೇರೆಲ್ಲೂ ಓಡುವುದಿಲ್ಲ. ಬಾಡಿಗೆಗೆ ಸಿಗುವ ಕ್ಲೌಡ್ ಮ್ಯಾಕ್‌ಗಳಿವೆ, ಗಿಟ್‌ಹಬ್‌ನಲ್ಲೂ ಉಂಟು. ಆದರೆ ಕೈಯಲ್ಲಿ ಒಂದು ನಿಜವಾದ ಐಫೋನ್ ಇರಲಿ. ಆಪಲ್‌ಗೆ ವರ್ಷ ವರ್ಷವೂ 99 ಡಾಲರ್. ಕಟ್ಟದಿದ್ದರೆ ಆ್ಯಪ್ ಸ್ಟೋರ್‌ನಿಂದ ಮರೆಯಾಗುತ್ತದೆ.

ನನ್ನ ಹಳೆಯ ಆ್ಯಪ್ ಹೊಸ ಫೋನ್‌ಗಳಲ್ಲಿ ಹುಡುಕಿದರೆ ಸಿಗುತ್ತಿಲ್ಲ, ಹಳೆಯ ಫೋನಿನಲ್ಲಿ ಸಿಗುತ್ತದೆ. — ಪೊನ್ನಂಪೇಟೆ

ಟಾರ್ಗೆಟ್ ಎಪಿಐ, ಅಂದರೆ ಯಾವ ಆಂಡ್ರಾಯ್ಡ್ ಆವೃತ್ತಿಗೆ ಆ್ಯಪ್ ಕಟ್ಟಿದ್ದೀರೆಂಬ ಸಂಖ್ಯೆ, ಹಳೆಯದಾಗಿದೆ. ಪ್ರತಿ ವರ್ಷ ಗಡುವು ಆಗಸ್ಟ್ 31. 2025ರ ಆ ದಿನದಿಂದ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗೆ ಆಂಡ್ರಾಯ್ಡ್ 15, ಅಂದರೆ ಎಪಿಐ 35 ಬೇಕಾಯಿತು. ನಾನು ಇದನ್ನು ಸೆಪ್ಟೆಂಬರ್ 3ರ ಕೈಲ್ ಮುಹೂರ್ತದ (ನಮ್ಮ ಆಯುಧ ಪೂಜೆಯ ಹಬ್ಬ) ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಕೋವಿ ಒರೆಸುವ ವಾರ ನನ್ನದು ಆ ಸಂಖ್ಯೆ ಇರುವ ಗ್ರೇಡಲ್ ಫೈಲ್ ಒರೆಸುವ ವಾರ.

ಕೂಲಿ ರಸೀದಿಯನ್ನು ಪಿಡಿಎಫ್ ಮಾಡಿದರೆ ಕನ್ನಡ ಒಡೆದು ಬರುತ್ತದೆ. ಪರದೆಯಲ್ಲಿ ಸರಿಯಿದೆ. — ಎಸ್ಟೇಟ್ ರೈಟರ್, ಸೋಮವಾರಪೇಟೆ

‘ಕ್ಷೇತ್ರ’ ಹೋಗಿ ‘ಕ್‌ಷೇತ್‌ರ’ ಆಗುತ್ತದೆ, ಅಲ್ಲವೇ? ಪರದೆಯ ಮೇಲೆ ಅಕ್ಷರ ಜೋಡಿಸುವುದು ಒಂದು ಎಂಜಿನ್, ಪಿಡಿಎಫ್ ಪ್ಯಾಕೇಜಿನದು ಇನ್ನೊಂದು. ಆ ಇನ್ನೊಂದಕ್ಕೆ ಒತ್ತಕ್ಷರ ಕೂಡಿಸಲು ಬರದಿದ್ದರೆ ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ರಸೀದಿಯನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು ಫೋನಿನ ವೆಬ್‌ವ್ಯೂ ಮೂಲಕ ಪ್ರಿಂಟ್‌ಗೆ ಕೊಡಿ, ಅಲ್ಲಿಂದ ಪಿಡಿಎಫ್ ಆಗಿ ಉಳಿಸಿ. ಜೊತೆಗೆ ಬಟನ್‌ಗಳ ಎತ್ತರವನ್ನು ಕಟ್ಟಿಹಾಕಬೇಡಿ. ಇಂಗ್ಲಿಷ್‌ಗೆ ಅಳೆದ ಬಟನ್‌ನಲ್ಲಿ ‘ರಾಷ್ಟ್ರೀಯ’ ಎಂದು ಬರೆದು ನೋಡಿ, ಕೆಳಗಿನ ಒತ್ತು ಕತ್ತರಿಸಿ ಹೋಗಿರುತ್ತದೆ.

ಅಕ್ಕಾ, ನಾನು ಡಿಪ್ಲೊಮಾ ವಿದ್ಯಾರ್ಥಿ. ತಾತನ ಮಳೆ ಪುಸ್ತಕವನ್ನು ಆ್ಯಪ್ ಮಾಡಬೇಕು. ಯಾವ ಸಲಕರಣೆಯಲ್ಲಿ ಕಟ್ಟಲಿ, ಫ್ಲಟರೋ, ರಿಯಾಕ್ಟ್ ನೇಟಿವೋ? — ಶನಿವಾರಸಂತೆ

ಜಾವಾಸ್ಕ್ರಿಪ್ಟ್ ಬಂದರೆ ರಿಯಾಕ್ಟ್ ನೇಟಿವ್, ಇಲ್ಲದಿದ್ದರೆ ಫ್ಲಟರ್. ಮಳೆ ಪುಸ್ತಕಕ್ಕೆ ಎರಡೂ ಹೆಚ್ಚೇ. ಡೇಟಾ ಫೋನಿನಲ್ಲೇ ಎಸ್‌ಕ್ಯುಲೈಟ್‌ನಲ್ಲಿರಲಿ, ತೋಟದಲ್ಲಿ ಸಿಗ್ನಲ್ ನಂಬಬೇಡ.

ನಿನಗೆ ಹೇಳಬೇಕಾದದ್ದು ಬೇರೆ. ನನ್ನ ಮೊದಲ ಆ್ಯಪ್ ಕೂಡ ಮಳೆ ಪುಸ್ತಕವೇ. ನಮ್ಮಲ್ಲಿ ಮಳೆ ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ, ಇಂಚಿಗೆ ನೂರು ಸೆಂಟು. ನಾನು ಒಂದೇ ಪೆಟ್ಟಿಗೆ ಕೊಟ್ಟು ಚುಕ್ಕಿ ಹಾಕಿ ಬರೆಯಲು ಬಿಟ್ಟೆ. ಮೂರು ಇಂಚು ಐದು ಸೆಂಟು ಬಂದ ದಿನ ಚಿಕ್ಕಪ್ಪ 3.5 ಎಂದು ಒತ್ತಿದರು. ಅವರ ಪುಸ್ತಕದಲ್ಲಿ 3–5 ಎಂದೇ ಇತ್ತು, ಅವರ ತಪ್ಪಲ್ಲ. ಆ್ಯಪ್ ಅದನ್ನು ಮೂರು ಇಂಚು ಐವತ್ತು ಸೆಂಟು ಎಂದು ಹಿಡಿಯಿತು. ಜುಲೈ ಕೊನೆಗೆ ಅಂಥ ನಾಲ್ಕು ದಿನ ಸೇರಿ ನಮ್ಮ ತೋಟದಲ್ಲಿ ಪಕ್ಕದ ತೋಟಕ್ಕಿಂತ ಎರಡು ಇಂಚಿನ ಹತ್ತಿರ ಹೆಚ್ಚು ಮಳೆ. ಚಿಕ್ಕಪ್ಪ ಅದನ್ನು ಮದುವೆ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೂ ಬಂದಿದ್ದರು.

ಎರಡು ಪೆಟ್ಟಿಗೆ ಇಡು, ಇಂಚಿಗೊಂದು, ಸೆಂಟಿಗೊಂದು. ಒಳಗೆ ಎಲ್ಲವನ್ನೂ ಸೆಂಟಿನಲ್ಲಿ ಪೂರ್ಣಾಂಕವಾಗಿ ಉಳಿಸು: 305. ಮಿಲಿಮೀಟರ್ ಬೇಕೆಂದವರಿಗೆ ತೋರಿಸುವಾಗ ಮಾತ್ರ ಒಂದು ಇಂಚಿಗೆ 25.4ರಂತೆ ಲೆಕ್ಕ ಹಾಕು. ತಾತನ ಪುಸ್ತಕದಲ್ಲಿ ‘ಹೂಮಳೆ’ (ಕಾಫಿ ಹೂ ಅರಳಿಸುವ ಮಳೆ) ಎಂದು ಪಕ್ಕದಲ್ಲಿ ಬರೆದ ದಿನಗಳಿರುತ್ತವೆ, ಅದಕ್ಕೂ ಒಂದು ಜಾಗ ಬಿಡು.